ತಂದೆಯ ಮುಖ, ಮಗನ ಕ್ಯಾಮೆರಾ

ವೃದ್ಧರ ಭಾವಚಿತ್ರವೆಂದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ಒಂದೇ ಬಗೆಯ ಮುಖ: ಶಾಂತವಾದ ಮುಗುಳ್ನಗೆ, ಪ್ರಸನ್ನ ದೃಷ್ಟಿ. ಪಡಸಾಲೆಯ ಗೋಡೆಗೆ ಅದು ಒಪ್ಪುತ್ತದೆ, ನಿಜ. ಆದರೆ ಆ ಮನುಷ್ಯನು ಬಾಳಿದ ಬಾಳು ಅದರಲ್ಲಿ ಎಷ್ಟರಮಟ್ಟಿಗೆ ಉಳಿದಿರುತ್ತದೆ? ಈ ಪ್ರಶ್ನೆಯನ್ನು ಹಡೆದ ತಂದೆಯ ಮುಂದೆಯೇ ಇಟ್ಟವನು ಅಮೆರಿಕದ ಛಾಯಾಗ್ರಾಹಕ ರಿಚರ್ಡ್ ಅವೆಡಾನ್ (1923–2004).

ಸುಂದರಿಯರನ್ನೂ ಬೆಡಗಿನ ಉಡುಪುಗಳನ್ನೂ ಚಿತ್ರಿಸಿ ಫ್ಯಾಷನ್ ಪತ್ರಿಕೆಗಳಲ್ಲಿ ಹೆಸರು ಗಳಿಸಿದವನು ಆತ. ತಂದೆ ಜೇಕಬ್ ಇಸ್ರೇಲ್ ಅವೆಡಾನ್ ರಷ್ಯಾ ಮೂಲದ ಯಹೂದಿ. ನ್ಯೂಯಾರ್ಕಿನಲ್ಲಿ ಹೆಂಗಸರ ಉಡುಪಿನ ಅಂಗಡಿ ನಡೆಸಿದವರು. ಬೆಳಕಿನ ಮೊದಲ ಪಾಠವನ್ನು ಮಗನಿಗೆ ಹೇಳಿಕೊಟ್ಟವರೂ ಅವರೇ. ಭೂತಗನ್ನಡಿಯನ್ನು ಬಿಸಿಲಿಗೆ ಹಿಡಿದು ಎಲೆಯೊಂದನ್ನು ಸುಟ್ಟು ತೋರಿಸಿದರಂತೆ. ಹುಡುಗನು ಮರುದಿನವೇ ತಂಗಿಯ ನೆಗೆಟಿವನ್ನು ಮೈಗೆ ಅಂಟಿಸಿಕೊಂಡು ಕಡಲತೀರದಲ್ಲಿ ದಿನವೆಲ್ಲ ಬಿಸಿಲು ಕಾಯಿಸಿದನು. ರಾತ್ರಿ ಕಿತ್ತು ನೋಡಿದರೆ ತಂಗಿಯ ರೂಪು ಹೆಗಲ ಮೇಲೆ ಮೂಡಿದ್ದಿತು!

ಆ ಮನೆಯ ಆಲ್ಬಮ್ಮಿನದು ಬೇರೆಯೇ ಸ್ವಾರಸ್ಯ. ಪರರ ಮನೆಯ ಮುಂದೆ, ಪರರ ಕಾರಿನ ಪಕ್ಕದಲ್ಲಿ, ಎರವಲು ತಂದ ನಾಯಿಯೊಡನೆ ಕುಟುಂಬವು ನಿಂತು ಚಿತ್ರ ತೆಗೆಸಿಕೊಳ್ಳುತ್ತಿದ್ದಿತು. ಒಂದೇ ವರ್ಷದ ಚಿತ್ರಗಳಲ್ಲಿ 11 ಬೇರೆ ಬೇರೆ ನಾಯಿಗಳು ಇದ್ದುವೆಂದು ಮುಂದೆ ಆತನೇ ಬರೆದಿದ್ದಾನೆ. ತಾವು ಏನಲ್ಲವೋ ಅದಾಗಿ ಕಾಣುವ ಆಸೆ ಯಾವ ನಾಡಿನ ಸಂಸಾರಕ್ಕೆ ತಾನೆ ಇಲ್ಲ?

1969ರಿಂದ 1973ರವರೆಗೆ ಅವೆಡಾನ್ ತಂದೆಯ ಚಿತ್ರಗಳನ್ನು ತೆಗೆಯುತ್ತ ಬಂದನು. ಆ ವರ್ಷಗಳಲ್ಲಿ ಆತನು ಹಿಡಿದುದು 8 ಅಂಗುಲಕ್ಕೆ 10 ಅಂಗುಲದ ಫಿಲ್ಮಿನ ದೊಡ್ಡ ಕ್ಯಾಮೆರಾ. ಅದರ ಹಿಂದೆ ಮುಸುಕು ಹೊದ್ದು ನಿಲ್ಲದೆ, ಪಕ್ಕದಲ್ಲಿ ನಿಂತು ಎದುರಿನವರನ್ನು ಕಣ್ಣಾರೆ ನೋಡುತ್ತ ಚಿತ್ರ ತೆಗೆಯುವುದು ಆತನ ಪದ್ಧತಿ. ಹಿನ್ನೆಲೆಗೆ ಬರಿಯ ಬಿಳುಪು. ಆತುಕೊಳ್ಳಲು ಕುರ್ಚಿಯಿಲ್ಲ, ಮರೆಯಾಗಲು ಪರದೆಯಿಲ್ಲ. ಮುಖದ ಒಂದೊಂದು ಸುಕ್ಕೂ ಲೆಕ್ಕ ಒಪ್ಪಿಸಲೇಬೇಕು.

ತಂದೆಗೆ ಈ ಚಿತ್ರಗಳು ರುಚಿಸಲಿಲ್ಲ. ಕ್ಯಾಮೆರಾ ಕಂಡೊಡನೆ ಅವರು ಜ್ಞಾನವೃದ್ಧರಂತೆ ನಸುನಗುತ್ತಿದ್ದರು. ಮಗನಿಗೆ ಬೇಕಾದುದು ಅವರ ಹಸಿವು, ಛಲ, ಸಿಟ್ಟು. ಕೊನೆಗೆ ಮಗನು ಕಾಗದ ಬರೆದು, ತಾನೇಕೆ ಹೀಗೆ ತೆಗೆಯುತ್ತಿರುವೆನೆಂಬುದನ್ನು ಬಿಡಿಸಿ ತಿಳಿಸಿದನು. ತಾನು ಅವರಲ್ಲಿ ಮೆಚ್ಚಿದುದು ಆ ಛಲವನ್ನೇ ಎಂಬುದು ಅದರ ಸಾರ. ಕಲಾವಿದನು ತನ್ನ ಕೆಲಸದ ಒಳಗುಟ್ಟನ್ನು ವಿಮರ್ಶಕರಿಗೆ ಹೇಳುವುದು ಸುಲಭ. ಚಿತ್ರಕ್ಕೆ ಒಳಗಾದವರಿಗೇ ಹೇಳುವುದು ಅಪರೂಪ.

ತಂದೆಗೆ ಕ್ಯಾನ್ಸರ್ ಬಂದಿತು. ಫ್ಲಾರಿಡಾದ ಸರಸೋಟದಲ್ಲಿ ತೆಗೆದ ಚಿತ್ರಗಳಲ್ಲಿ ಮುಖವು ಸೊರಗುತ್ತ ಹೋಗುತ್ತದೆ. ನಗೆಯು ಎಂದೋ ಹೊರಟುಹೋಗಿದೆ. 1973ರಲ್ಲಿ ಅವರು ತೀರಿಕೊಂಡರು. ಮರುವರ್ಷ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವು ಆ ಚಿತ್ರಗಳನ್ನು ಪ್ರದರ್ಶನಕ್ಕಿಟ್ಟಿತು.

ಸಾಯುತ್ತಿರುವ ತಂದೆಯನ್ನು ಗೋಡೆಗೆ ತೂಗುಹಾಕುವುದು ಕ್ರೌರ್ಯವಲ್ಲವೇ ಎಂದು ಕೇಳುವವರು ಕೇಳಲಿ. ಮಗನು ಕದ್ದು ತೆಗೆದ ಒಂದು ಚಿತ್ರವೂ ಅಲ್ಲಿಲ್ಲ. ಒಲ್ಲೆನೆನ್ನಬಹುದಾಗಿದ್ದ ತಂದೆ ವರ್ಷಗಟ್ಟಲೆ ಮಸೂರದ ಎದುರಿಗೆ ಬಂದರು, ಮುಖ ತಿರುಗಿಸಲಿಲ್ಲ. ಆ ಕಾಗದವೂ ಕಳೆದುಹೋಗಿರಲಿಲ್ಲ. ಅವರ ಮರಣಾನಂತರ ಅದು ದೊರೆತದ್ದು ಅವರ ಅತ್ಯುತ್ತಮ ಕೋಟಿನ ಒಳಜೇಬಿನಲ್ಲಿ.