ವರ್ಷ ಕಳೆದರೆ ಸಾಲದು, ಮೆಟ್ಟಿಲು ಹತ್ತಬೇಕು

"ಹುಡುಗನ ಬಿ.ಕಾಂ. ಮುಗಿಯಿತು, ಅಲ್ಲೊಂದು ಅಕೌಂಟೆಂಟ್ ಕೆಲಸ ನೋಡಿ. ಶುರುವಿಗೆ ಸಂಬಳ ಕಡಿಮೆಯಾದರೂ ಅಡ್ಡಿಯಿಲ್ಲ, ಮತ್ತೆ ಹೆಚ್ಚಾಗ್ತದಲ್ವಾ?" ಪರೀಕ್ಷೆಯ ಫಲಿತಾಂಶ ಬಂದ ಕೂಡಲೇ ಊರಿನಿಂದ ಗಲ್ಫಿಗೆ ಬರುವ ಫೋನುಗಳಲ್ಲಿ ಇದೇ ಮಾತು. ದುಬೈಯಲ್ಲಿ ಲೆಕ್ಕ ಬರೆಯುವುದು ನನ್ನ ಕಸುಬು. ಈ "ಮತ್ತೆ ಹೆಚ್ಚಾಗ್ತದೆ" ಎಂಬುದರ ಲೆಕ್ಕವನ್ನೂ ಒಮ್ಮೆ ನೋಡೋಣ.

ಹುಡುಗ 3,000 ದಿರ್ಹಮಿಗೆ ಸೇರಿದ ಅಂತಿಟ್ಟುಕೊಳ್ಳಿ. ಪ್ರತಿ ವರ್ಷ ತಪ್ಪದೆ ಶೇಕಡಾ 5 ಏರಿದರೂ ಅದು 6,000 ಆಗಲು 14 ವರ್ಷ ದಾಟಬೇಕು. ತಪ್ಪದೆ ಏರಿಸುವ ಕಂಪೆನಿಗಳು ಎಷ್ಟಿವೆ ಎಂಬುದು ಇಲ್ಲಿರುವ ನಿಮಗೇ ಗೊತ್ತು. ಊರಿನವರಿಗೆ ಮಾತ್ರ ಬೇರೆಯೇ ಚಿತ್ರ ಕಾಣುತ್ತದೆ. 2010ರಲ್ಲಿ ಒಂದು ದಿರ್ಹಮಿಗೆ ಸುಮಾರು 12 ರೂಪಾಯಿ ಇತ್ತು, 2023ರಲ್ಲಿ 22 ದಾಟಿತು. ಅದೇ 3,000 ದಿರ್ಹಂ ಊರಲ್ಲಿ 36 ಸಾವಿರದಿಂದ 66 ಸಾವಿರವಾಯಿತು. ಮಗನ ಸಂಬಳ ಏರಿತು ಅಂತ ಉಮ್ಮ ಖುಷಿಪಡುತ್ತಾರೆ. ನಿಜಕ್ಕೂ ಆದದ್ದು ರೂಪಾಯಿ ಇಳಿದದ್ದು.

ಹಾಗಾದರೆ ಈ ಕಸುಬಿನಲ್ಲಿ ಸಂಬಳ ಏರುವುದು ಎಲ್ಲಿ? ಆಡಿಟ್ ಆಫೀಸುಗಳನ್ನು ನೋಡಿ. ಅಲ್ಲಿ ಸಹಾಯಕ, ಸೀನಿಯರ್, ಮ್ಯಾನೇಜರ್, ಪಾಲುದಾರ ಅಂತ ಮೆಟ್ಟಿಲುಗಳಿವೆ. ಒಂದೇ ಮೆಟ್ಟಿಲಲ್ಲಿ ನಿಂತವನಿಗೆ ಸಿಗುವುದು ಚಿಲ್ಲರೆ ಏರಿಕೆ. ದೊಡ್ಡ ಏರಿಕೆ ಬರುವುದು ಮೆಟ್ಟಿಲು ಬದಲಾದಾಗ. ಮೇಲೆ ಹೋದಂತೆ ಜಾಗ ಕಿರಿದು, ಎಲ್ಲರೂ ಪಾಲುದಾರರಾಗುವುದಿಲ್ಲ. ಆದರೆ ವೃತ್ತಿಪರ ಅರ್ಹತೆ ಇಲ್ಲದವನಿಗೆ ಎರಡನೇ ಮೆಟ್ಟಿಲೇ ಕಷ್ಟ.

ಯುಎಇಯಲ್ಲಿ 2018ರಲ್ಲಿ ಶೇಕಡಾ 5ರ ವ್ಯಾಟ್ ಬಂತು, 2023ರ ಜೂನ್‌ನಿಂದ ಶೇಕಡಾ 9ರ ಕಾರ್ಪೊರೇಟ್ ತೆರಿಗೆ ಶುರುವಾಯಿತು. ಈ ಕಾನೂನು ಓದಿಕೊಂಡು ಮಾಲೀಕನಿಗೆ ವಿವರಿಸಬಲ್ಲವನಿಗೆ ಬೆಲೆ ಬಂತು. ಬಿಲ್ ಎಂಟ್ರಿ ಮಾತ್ರ ಮಾಡುವವನ ಕೆಲಸವನ್ನು ಸಾಫ್ಟ್‌ವೇರ್ ನುಂಗುತ್ತಾ ಇದೆ.

ಆದ್ದರಿಂದ ನನ್ನ ಅಭಿಪ್ರಾಯ ನೇರವಾಗಿದೆ. 21ರ ಹುಡುಗನನ್ನು ಡಿಗ್ರಿ ಕೈಗೆ ಬಂದ ತಿಂಗಳಲ್ಲೇ ವಿಮಾನ ಹತ್ತಿಸಬೇಡಿ. ಬಿ.ಕಾಂ.ನಲ್ಲಿ ಶೇಕಡಾ 55 ಅಂಕ ಇದ್ದರೆ ಸಿ.ಎ.ಯ ಇಂಟರ್‌ಮೀಡಿಯೇಟ್‌ಗೆ ನೇರ ಪ್ರವೇಶವಿದೆ. ಮೂರು ವರ್ಷವಿದ್ದ ಆರ್ಟಿಕಲ್‌ಶಿಪ್ ಈಗ ಎರಡೇ ವರ್ಷ. ಸಿ.ಎ. ಕಷ್ಟದ ಪರೀಕ್ಷೆ, ಎಲ್ಲರಿಗೂ ಒಗ್ಗುವುದಿಲ್ಲ. ಅಂಥವರಿಗೆ ಕೆಲಸದ ಜೊತೆಗೇ ಓದಬಹುದಾದ ಎಸಿಸಿಎ ಇದೆ, ಎರಡು ಭಾಗಗಳ ಅಮೆರಿಕದ ಸಿಎಂಎ ಇದೆ. ಯಾವುದೂ ಬೇಡವಾದರೂ ಮಂಗಳೂರಿನ ಒಂದು ಆಡಿಟ್ ಆಫೀಸಿನಲ್ಲಿ ಎರಡು ವರ್ಷ ದುಡಿದು ಬಂದವನ ಕೈ ಪಳಗಿರುತ್ತದೆ.

"ಮನೆ ಸಾಲ ಇದೆ, ತಂಗಿಯ ಮದುವೆ ಇದೆ, ಕಾಯುವುದು ಹೇಗೆ?" ನ್ಯಾಯವಾದ ಪ್ರಶ್ನೆ. ಆರ್ಟಿಕಲ್‌ಶಿಪ್‌ನ ಸ್ಟೈಪೆಂಡಿನಲ್ಲಿ ಮನೆ ನಡೆಯುವುದಿಲ್ಲ. ಆದರೆ ಏಜೆಂಟನಿಗೆ ವೀಸಾದ ಹೆಸರಿನಲ್ಲಿ ಕೊಡಲು ಲಕ್ಷ ಹೊಂದಿಸುವ ನಾವು, ಅದೇ ದುಡ್ಡನ್ನು ಫೀಸಿಗೆ ಯಾಕೆ ಹೊಂದಿಸಬಾರದು? ಗಲ್ಫಿನಲ್ಲಿರುವ ಕಾಕ, ಅಣ್ಣ, ಭಾವ ಸೇರಿ ಎರಡು ವರ್ಷ ಮನೆಖರ್ಚು ಹಂಚಿಕೊಂಡರೆ, ಆ ಹುಡುಗ ಮುಂದೆ ತಮ್ಮನಿಗೆ ಹಾಗೇ ಮಾಡಿಯಾನು. ಮನೆಯ ಹಿರಿಮಗನೇ ಯಾವಾಗಲೂ ಓದು ಬಿಟ್ಟು ಹೊರಡಬೇಕು ಎಂಬ ಪದ್ಧತಿ ನಿಲ್ಲಲಿ.

ಈಗಾಗಲೇ ಇಲ್ಲಿರುವವರಿಗೆ ಒಂದು ಮಾತು. ಸಂಬಳ ಏರಿಸುವಾಗ ಬೇಸಿಕ್ ಏರಿತೇ, ಅಲವೆನ್ಸ್ ಮಾತ್ರವೇ ಅಂತ ನೋಡಿಕೊಳ್ಳಿ. ಯುಎಇಯಲ್ಲಿ ಗ್ರಾಚ್ಯುಟಿ ಕೊನೆಯ ಬೇಸಿಕ್ ಮೇಲೆ ನಿಂತಿದೆ: ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನ, ನಂತರ 30 ದಿನ. ಹತ್ತು ವರ್ಷಕ್ಕೆ 255 ದಿನ. ಬೇಸಿಕ್ 2,500 ಇದ್ದರೆ 21,250 ದಿರ್ಹಂ; 4,000 ಇದ್ದರೆ 34,000. ಕೈಗೆ ಬರುವ ಒಟ್ಟು ಸಂಬಳ ಒಂದೇ ಆಗಿದ್ದರೂ ಹೊರಡುವ ದಿನ 12,750 ದಿರ್ಹಂ ವ್ಯತ್ಯಾಸ.

ಮುಂದಿನ ಸಲ ಊರಿನಿಂದ ಫೋನ್ ಬಂದಾಗ "ವೀಸಾ ನೋಡುವ" ಅನ್ನುವ ಮೊದಲು "ಮುಂದೆ ಏನು ಓದ್ತಾನೆ?" ಅಂತ ಕೇಳಿ. ಆ ಹುಡುಗನಿಗೆ ಇಲ್ಲಿ ಸಿಗುವ ಸಂಬಳ ಆ ಉತ್ತರದ ಮೇಲೆಯೇ ನಿಂತಿದೆ.