ಸವೆದ ಹಲ್ಲಿನ ಸಾಕ್ಷ್ಯ

ಮಾಲೂರೆಂದೊಡನೆ ನೆನಪಿಗೆ ಬರುವುದು ಹೆಂಚು ಮತ್ತು ಇಟ್ಟಿಗೆ. ಯಂತ್ರವುಳ್ಳ ಕಾರ್ಖಾನೆಗಳಲ್ಲಿ ಜೇಡಿಮಣ್ಣನ್ನು ಹದವಾಗಿ ನಾದಿ ಅಚ್ಚಿನ ಬಾಯಿಂದ ಹೊರದೂಡುವುದಕ್ಕೆ ವಿದ್ಯುತ್ ಮೋಟಾರೇ ಆಧಾರ. ಸಾಮಾನ್ಯ ಮೋಟಾರು ಮಿನಿಟಿಗೆ ಸುಮಾರು 1440 ಸುತ್ತು ತಿರುಗುವುದು. ಮಣ್ಣು ನಾದುವ ಅಲಗುಗಳಿಗಾದರೋ ಅದರ ಅತ್ಯಲ್ಪ ಭಾಗ ಸಾಕು. ವೇಗವನ್ನು ಇಳಿಸಿ, ತಿರುಗಿಸುವ ಬಲವನ್ನು ಹೆಚ್ಚಿಸಿಕೊಡುವುದು ನಡುವೆ ಕುಳಿತ ಗಿಯರುಪೆಟ್ಟಿಗೆ. ಅದು ನಿಂತರೆ ಮಣ್ಣು ಹೊರಡದು. ಇಟ್ಟಿಗೆಯ ಎಣಿಕೆಯ ಮೇಲೆ ಕೂಲಿ ಪಡೆಯುವವರಿಗೆ ಆ ದಿನ ಕಾಸೂ ಹುಟ್ಟದು.

ಪೆಟ್ಟಿಗೆ ಕೂಗತೊಡಗಿದರೆ ಸಾಮಾನ್ಯವಾಗಿ ಮಾಡುವುದೇನು? ಮುಚ್ಚಳ ತೆಗೆದು, ಸವೆದ ಚಕ್ರವನ್ನು ಗುಜರಿಗೆಸೆದು, ಹೊಸದನ್ನು ಕೂಡಿಸಿ, ಎಣ್ಣೆ ತುಂಬಿ ಮತ್ತೆ ಓಡಿಸುವುದು. ಇದು ರಿಪೇರಿಯೇ ಹೊರತು ನಿದಾನವಲ್ಲವೆಂದು ನಾವು ಭಾವಿಸುತ್ತೇವೆ. ಷಾಫ್ಟು ಓರೆಯಾದುದರಿಂದ ಹಲ್ಲು ಸವೆದಿದ್ದರೆ ಹೊಸ ಚಕ್ರವೂ ಅದೇ ದಾರಿ ಹಿಡಿಯುವುದು. ಹಳೆಯ ಚಕ್ರದೊಡನೆ ಸಾಕ್ಷ್ಯವೂ ಗುಜರಿಗೆ ಹೋಗಿರುತ್ತದೆ.

ಆ ಸಾಕ್ಷ್ಯವನ್ನು ಓದುವುದು ಕಷ್ಟವಲ್ಲ. ವಿದ್ಯುತ್ತನ್ನು ಕಡಿದು, ಒಂದು ಚಕ್ರದ ಹಲ್ಲುಗಳಿಗೆ ಗುರುತು ನೋಡುವ ನೀಲಿಬಣ್ಣವನ್ನು ತೆಳ್ಳಗೆ ಸವರಿ, ಜೊತೆಯ ಚಕ್ರಕ್ಕೆ ತುಸು ತಡೆ ಕೊಟ್ಟು ಕೈಯಿಂದ ತಿರುಗಿಸಬೇಕು. ಬಣ್ಣದ ಗುರುತು ಹಲ್ಲಿನ ಅಗಲದ ಬಹುಭಾಗವನ್ನು ಆವರಿಸಿದರೆ ಷಾಫ್ಟುಗಳು ಸಮಾಂತರವಾಗಿವೆ. ಒಂದೇ ಕೊನೆಗೆ ಒತ್ತಿಕೊಂಡರೆ ಓರೆಯುಂಟು. ಹಲ್ಲಿನ ನೆತ್ತಿಯಲ್ಲೋ ಬುಡದಲ್ಲೋ ಉದ್ದಕ್ಕೂ ಮೂಡಿದರೆ ಷಾಫ್ಟುಗಳ ನಡುವಣ ಅಂತರವನ್ನೋ ಹಲ್ಲಿನ ಆಕಾರವನ್ನೋ ಸಂಶಯಿಸಬೇಕು.

ಇಲ್ಲೊಂದು ಸ್ವಾರಸ್ಯವಿದೆ. ಇಂದಿನ ಬಹುತೇಕ ಚಕ್ರಗಳ ಹಲ್ಲಿನ ಮೈ ಇನ್‌ವಲ್ಯೂಟ್ ಎಂಬ ವಕ್ರರೇಖೆಯದು. ಬಿಲ್ಲೆಗೆ ಸುತ್ತಿದ ದಾರವನ್ನು ಬಿಗಿಹಿಡಿದು ಬಿಚ್ಚುತ್ತ ಹೋದರೆ ಅದರ ತುದಿ ಬರೆಯುವ ರೇಖೆಯೇ ಅದು. ಹಲ್ಲುಚಕ್ರಗಳಿಗೆ ಈ ರೇಖೆ ತಕ್ಕುದೆಂದು ಹದಿನೆಂಟನೆಯ ಶತಮಾನದಲ್ಲಿ ಗಣಿತಜ್ಞ ಆಯ್ಲರ್ ತೋರಿಸಿದನು. ಷಾಫ್ಟುಗಳ ಅಂತರ ತುಸು ಹೆಚ್ಚಿದರೂ ಇಂಥ ಚಕ್ರಗಳ ವೇಗದ ಅನುಪಾತ ಕೆಡದು. ಓರೆಯನ್ನು ಮಾತ್ರ ಅವು ಕ್ಷಮಿಸವು. ಇಡೀ ಅಗಲಕ್ಕೆ ಹಂಚಿಹೋಗಬೇಕಾದ ಹೊರೆ ಒಂದು ಮೂಲೆಗೆ ಬಿದ್ದು ಅಲ್ಲಿ ಗುಳಿಗಳೇಳುತ್ತವೆ. ಕಡೆಗೆ ಆ ಮೂಲೆಯೇ ಮುರಿದುಬೀಳಬಹುದು.

ಓರೆಗೆ ಕಾರಣ ಚಕ್ರದಲ್ಲೇ ಇರಬೇಕೆಂದಿಲ್ಲ. ಬೇರಿಂಗು ಸವೆದಿರಬಹುದು. ಪೆಟ್ಟಿಗೆಯ ನಾಲ್ಕು ಕಾಲುಗಳಲ್ಲಿ ಒಂದು ನೆಲೆಗಟ್ಟಿಗೆ ಸರಿಯಾಗಿ ಕೂರದೆ, ಬೋಲ್ಟು ಬಿಗಿದಾಗ ಪೆಟ್ಟಿಗೆಯೇ ತಿರುಚಿಕೊಂಡಿರಬಹುದು; ಬೋಲ್ಟುಗಳನ್ನು ಒಂದೊಂದಾಗಿ ಸಡಿಲಿಸಿ ಡಯಲ್ ಗೇಜಿನ ಮುಳ್ಳನ್ನು ನೋಡಿದರೆ ಇದು ತಿಳಿಯುತ್ತದೆ. ಇನ್ನು ಕಾವು. ತಳದಿಂದ ಷಾಫ್ಟಿಗೆ 300 ಮಿಲಿಮೀಟರು ಎತ್ತರವಿರುವ ಎರಕದ ಕಬ್ಬಿಣದ ಪೆಟ್ಟಿಗೆ 40 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯೇರಿದರೆ ಷಾಫ್ಟು ಸುಮಾರು 0.13 ಮಿಲಿಮೀಟರು ಮೇಲೇಳುತ್ತದೆ. ಮೋಟಾರೂ ಅಷ್ಟೇ ಏಳದಿದ್ದರೆ, ಬೆಳಗಿನ ತಂಪಿನಲ್ಲಿ ನೇರವಾಗಿದ್ದ ಜೋಡಣೆ ಮಧ್ಯಾಹ್ನಕ್ಕೆ ತಪ್ಪಿರುತ್ತದೆ!

ಕಂಪನಮಾಪಕಗಳಿರುವಾಗ ಈ ಬಣ್ಣ ಬಳಿಯುವ ಗೊಡವೆಯೇಕೆಂದು ಕೇಳುವವರುಂಟು. ಮಾಪಕವೂ ಬೇಕು. 20 ಹಲ್ಲಿನ ಚಕ್ರ ಮಿನಿಟಿಗೆ 1440 ಸುತ್ತಿದರೆ ಸೆಕೆಂಡಿಗೆ 480 ಬಾರಿ ಹಲ್ಲು ಹಲ್ಲನ್ನು ಸಂಧಿಸುತ್ತದೆ. ಅದರ ಇಮ್ಮಡಿಯಾದ 960ರ ಕಂಪನ ವಿಶೇಷವಾಗಿ ಎದ್ದುಕಂಡರೆ ಓರೆಯ ಶಂಕೆ ಬಲವಾಗುತ್ತದೆ. ಆದರೆ ಸವೆತವೂ ಅದನ್ನು ಏರಿಸಬಲ್ಲುದಾದ್ದರಿಂದ, ಹಲ್ಲನ್ನು ನೋಡದೆ ತೀರ್ಪು ಕೊಡುವುದನ್ನು ನಾವು ಒಪ್ಪಲಾರೆವು.

ಗೂಡಿನ ಬೆಂಕಿ ಕಾಯುವುದಿಲ್ಲ, ಪರೀಕ್ಷೆಗೆ ಹೊತ್ತಿಲ್ಲವೆಂಬ ಮಾಲೀಕರ ಮಾತಿನಲ್ಲಿ ನ್ಯಾಯವಿದೆ. ಆದರೂ ಮುಚ್ಚಳ ಹೇಗೂ ತೆರೆದಿರುತ್ತದೆ. ಬಣ್ಣದ ಪರೀಕ್ಷೆಗೆ ಮತ್ತಷ್ಟು ಹೊತ್ತು ನಿಂತರೆ, ಅದೇ ಕೆಲಸಕ್ಕಾಗಿ ಪುನಃ ಯಂತ್ರ ನಿಲ್ಲಿಸುವುದು ತಪ್ಪೀತು. ಕಳಚಿದ ಚಕ್ರಕ್ಕೆ ಒಂದು ಚೀಟಿ ಕಟ್ಟಿ, ತೆಗೆದ ದಿನವನ್ನೂ ಯಾವ ಮಗ್ಗುಲು ಮೋಟಾರಿನ ಕಡೆಗಿತ್ತೆಂಬುದನ್ನೂ ಬರೆದು, ಹತ್ತಿರದ ಐ.ಟಿ.ಐ.ಗೋ ಕಾಲೇಜಿಗೋ ಕಳುಹಿಸಬೇಕೆಂದು ಮಾಲೀಕರನ್ನು ಕೇಳಿಕೊಳ್ಳುತ್ತೇವೆ. ಅನುಪಾತದ ಲೆಕ್ಕ ಮಾಡಬಲ್ಲ ವಿದ್ಯಾರ್ಥಿಯ ಕೈಗೆ ಅಧ್ಯಾಪಕರು ಆ ಚಕ್ರವನ್ನು ಕೊಟ್ಟು, ಇದು ಈ ಮಗ್ಗುಲಲ್ಲೇ ಏಕೆ ಸವೆಯಿತೆಂದು ಪ್ರಶ್ನಿಸಲಿ.