ಅಧ್ಯಯನಕ್ಕೆ ಬೇಕು, ಸಮಾಲೋಚನೆಗೆ ಬೇಡವೇ?

ಎಚ್‌ಐವಿ ಸೋಂಕು ತಗಲದಂತೆ ಮುಂಚಿತವಾಗಿ ಸೇವಿಸುವ ಮಾತ್ರೆ ಇಂದು ಹಲವು ದೇಶಗಳಲ್ಲಿ ಬಳಕೆಯಲ್ಲಿದೆ. ಸೂಜಿಯ ಮೂಲಕ ಮಾದಕ ವಸ್ತು ತೆಗೆದುಕೊಳ್ಳುವವರನ್ನೂ ಅದು ಕಾಪಾಡಬಲ್ಲದೆಂದು ತೋರಿಸಿಕೊಟ್ಟವರು ಬ್ಯಾಂಕಾಕ್‌ನ 2,413 ಮಂದಿ ಬಳಕೆದಾರರು. ಆ ಅಧ್ಯಯನ ಎತ್ತಿದ ಪ್ರಶ್ನೆಗಳು ಇಂದಿಗೂ ಜೀವಂತವಾಗಿವೆ.

2005ರಲ್ಲಿ ಥಾಯ್ಲೆಂಡ್‌ನ ಆರೋಗ್ಯ ಸಚಿವಾಲಯ, ಬ್ಯಾಂಕಾಕ್ ನಗರಾಡಳಿತ ಮತ್ತು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಜೊತೆಯಾಗಿ ಇದನ್ನು ಆರಂಭಿಸಿದವು. 17 ವ್ಯಸನ ಚಿಕಿತ್ಸಾಲಯಗಳಲ್ಲಿ ಅರ್ಧದಷ್ಟು ಮಂದಿಗೆ ಟೆನೊಫೊವಿರ್ ಮಾತ್ರೆ, ಉಳಿದವರಿಗೆ ಔಷಧವಿಲ್ಲದ ಮಾತ್ರೆ ನೀಡಲಾಯಿತು. 2013ರಲ್ಲಿ ಫಲಿತಾಂಶ ಪ್ರಕಟವಾಯಿತು. ಔಷಧ ಪಡೆದವರಲ್ಲಿ 17 ಮಂದಿಗೆ, ಪಡೆಯದವರಲ್ಲಿ 33 ಮಂದಿಗೆ ಸೋಂಕು ತಗಲಿತ್ತು. ಅಂದರೆ ಅಪಾಯ ಶೇ. 49ರಷ್ಟು ತಗ್ಗಿತ್ತು.

ಆದರೆ ನಾಣ್ಯದ ಇನ್ನೊಂದು ಮುಖವನ್ನೂ ನೋಡಬೇಕು. ಭಾಗವಹಿಸಿದವರಿಗೆ ಆಪ್ತಸಲಹೆ, ಮೆಥಡೋನ್ ಚಿಕಿತ್ಸೆ, ಸೂಜಿ ತೊಳೆಯಲು ಬ್ಲೀಚ್ ಸಿಕ್ಕಿತು. ಹೊಸ ಸಿರಿಂಜ್ ಮಾತ್ರ ಸಿಗಲಿಲ್ಲ. ಸರಕಾರದ ಧೋರಣೆ ಮತ್ತು ಅಮೆರಿಕದ ಹಣಕಾಸಿನ ನಿರ್ಬಂಧ ಅಡ್ಡಬಂದಿದ್ದವು. ಸೋಂಕು ತಡೆಯುವ ಸುಲಭ ಸಾಧನವನ್ನೇ ಕೊಡದೆ ಸೋಂಕಿನ ಲೆಕ್ಕ ಹಾಕುವುದು ನ್ಯಾಯವೇ ಎಂದು 2002ರಲ್ಲಿ ರಚನೆಗೊಂಡಿದ್ದ ಥಾಯ್ ಬಳಕೆದಾರರ ಜಾಲ ಪ್ರಶ್ನಿಸಿತು. ಯೋಜನೆ ರೂಪಿಸುವಾಗ ತಮ್ಮನ್ನೂ ಕೇಳಬೇಕಿತ್ತು ಎಂಬುದು ಅವರ ದೂರಾಗಿತ್ತು.

ಅಂದಿನ ಪರಿಸ್ಥಿತಿಯನ್ನೂ ಮರೆಯುವಂತಿಲ್ಲ. 2003ರಲ್ಲಿ ಥಾಯ್ ಸರಕಾರ ಸಾರಿದ 'ಮಾದಕ ವಸ್ತು ಸಮರ'ದ ಮೊದಲ ಮೂರು ತಿಂಗಳಲ್ಲೇ ಎರಡು ಸಾವಿರಕ್ಕೂ ಹೆಚ್ಚು ಮಂದಿ ಕೊಲೆಯಾಗಿದ್ದರು. ಪೊಲೀಸರ ಭಯದಲ್ಲಿ ಬದುಕುವವನು, ಚಿಕಿತ್ಸೆಗೆ ಅದೇ ಚಿಕಿತ್ಸಾಲಯವನ್ನು ನಂಬಿದವನು, 'ಆಗದು' ಎಂದು ಧೈರ್ಯವಾಗಿ ಹೇಳಬಲ್ಲನೇ? ಸಹಿ ಹಾಕಿದ ಮಾತ್ರಕ್ಕೆ ಒಪ್ಪಿಗೆ ಪೂರ್ಣವಾಗುವುದಿಲ್ಲ.

ಹಾಗೆಂದು ಇವರನ್ನು ಅಧ್ಯಯನದಿಂದ ದೂರವಿಡುವುದೂ ಪರಿಹಾರವಲ್ಲ. ದೂರವಿಟ್ಟರೆ ಅವರಿಗೆ ಯಾವ ಔಷಧ ಹಿಡಿಸುತ್ತದೆಂಬುದು ಯಾರಿಗೂ ತಿಳಿಯದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯೂ ದುರ್ಬಲ ವರ್ಗದವರಿಗೆ ಸಂಶೋಧನೆಯಲ್ಲಿ ಸಮಾನ ಹಕ್ಕಿದೆ, ಜೊತೆಗೆ ಹೆಚ್ಚಿನ ರಕ್ಷಣೆಯೂ ಬೇಕು ಎನ್ನುತ್ತದೆ.

ವ್ಯಸನಮುಕ್ತಿ ಕೇಂದ್ರಗಳಲ್ಲಿ ದುಡಿಯುವ ನಮ್ಮ ಕಾರ್ಯಕರ್ತರ ಬಳಿಗೂ ಸಮೀಕ್ಷೆಯವರು ಬರಬಹುದು. ಆಗ ಮೂರು ಪ್ರಶ್ನೆ ಕೇಳೋಣ: ನಿರಾಕರಿಸಿದವರ ಚಿಕಿತ್ಸೆ ಮುಂದುವರಿಯುವುದೇ? ಹೆಸರು ಗುಪ್ತವಾಗಿ ಉಳಿಯುವುದೇ? ಅಧ್ಯಯನ ಮುಗಿದ ಮೇಲೆ ಇವರಿಗೆ ಸಿಗುವುದೇನು? ಉತ್ತರ ಸ್ಪಷ್ಟವಾಗಿದ್ದರೆ ಮಾತ್ರ ಬಾಗಿಲು ತೆರೆಯೋಣ.